ಬೆಲಿಸಾರಿಯೋನ ಹೊಟ್ಟೆಯ ಹರಕೆ

ಅಲ್ಕೆನ್ ದ್ವೀಪದಲ್ಲಿ ಚಳಿಗಾಲದ ಮಳೆಯಲ್ಲಿ ಒಬ್ಬ ಗಂಡಸು ಕೆಲಸವಿಲ್ಲದೆ ನಡೆದು ಹೊರಟನೆಂದರೆ ಅದಕ್ಕೆ ಮೂರೇ ಕಾರಣಗಳಿರಲು ಸಾಧ್ಯ. ಅವನ ಹಸು ತಪ್ಪಿಸಿಕೊಂಡಿರಬೇಕು, ಬಂಧುಗಳಲ್ಲಿ ಯಾರೋ ತೀರಿಕೊಂಡಿರಬೇಕು, ಇಲ್ಲವೇ ಅವನು ದೇವರಿಗೆ ಹರಕೆ ಹೊತ್ತಿರಬೇಕು. ನಾಲ್ಕನೆಯ ಕಾರಣವೊಂದನ್ನು ಊರಿಗೆ ಮೊದಲು ತಂದವನು ಬೆಲಿಸಾರಿಯೋ ಚಿಗುವಾಯ್. ತಂದದ್ದನ್ನು ಬಾಯಿಬಿಟ್ಟು ಹೇಳಲಾರದೆ ಏಳು ವಾರ ಒದ್ದಾಡಿದವನೂ ಅವನೇ.

ಬೆಲಿಸಾರಿಯೋ ದ್ವೀಪಕ್ಕೂ ಆಚೆ ದಡದ ದಾಲ್ಕಾವೆ ಪೇಟೆಗೂ ನಡುವೆ ಓಡಾಡುವ ದೋಣಿಯ ಯಜಮಾನ. ದೋಣಿಗೆ ಮರದ ಮೈ, ಹಳದಿ ಬಣ್ಣ, ಇಪ್ಪತ್ತು ಜನರಿಗೆ ಜಾಗ, ಮತ್ತು ಅವನ ಹೆಂಡತಿಯ ಹೆಸರು: ಅಮಾಂದಾ. ಹೆಂಡತಿ ತೀರಿಕೊಂಡು ಎರಡು ವರ್ಷವಾಗಿತ್ತು. ಹೊರಡುವ ಮುನ್ನ ಬಂದರಿನ ಕಚೇರಿಗೆ ರೇಡಿಯೋದಲ್ಲಿ ವರದಿ ಒಪ್ಪಿಸುವುದು ನಿಯಮ. "ಅಮಾಂದಾ ಹೊರಟಿದ್ದಾಳೆ" ಎಂದು ಬೆಳಿಗ್ಗೆ ಹೇಳಬೇಕು, "ಅಮಾಂದಾ ಕ್ಷೇಮವಾಗಿ ತಲುಪಿದ್ದಾಳೆ" ಎಂದು ಸಂಜೆ ಹೇಳಬೇಕು. ಬೇರೆ ದ್ವೀಪಗಳ ದೋಣಿಯವರು ಇಂಥ ವರದಿಯನ್ನು ಆಕಳಿಸುತ್ತ ಮುಗಿಸುತ್ತಿದ್ದರು. ಬೆಲಿಸಾರಿಯೋ ಮಾತ್ರ ಟೋಪಿ ತೆಗೆದು, ಗಂಟಲು ಸರಿಮಾಡಿಕೊಂಡು, ಒಂದೊಂದೇ ಅಕ್ಷರವಾಗಿ ಹೇಳುತ್ತಿದ್ದ. ಬಂದರಿನ ಕಚೇರಿಯವರು ಒಮ್ಮೆಯೂ ಅವನನ್ನು ಅವಸರಪಡಿಸಿರಲಿಲ್ಲ.

ಅಮಾಂದಾ ಇದ್ದ ಕಾಲದಲ್ಲಿ ಅವನ ತೂಕ ತೊಂಬತ್ತಮೂರು ಕಿಲೋ. ಅವಳು ಮಣ್ಣಾದ ಮರುದಿನದಿಂದ ನೆರೆಹೊರೆಯ ಹೆಂಗಸರು, ವಿಧುರನಿಗೆ ಒಲೆ ಹಚ್ಚಲು ಬರುವುದಿಲ್ಲವೆಂದು ತಾವೇ ತೀರ್ಮಾನಿಸಿ, ಮುಚ್ಚಿದ ತಟ್ಟೆಗಳನ್ನು ಹಿಡಿದು ಬರತೊಡಗಿದರು. ಎರಡು ವರ್ಷದಲ್ಲಿ ಅವನು ಹದಿನೆಂಟು ಕಿಲೋ ಸಾಂತ್ವನವನ್ನು ಮೈಗೂಡಿಸಿಕೊಂಡ.

ಭೂಮಿಯ ಆ ದಕ್ಷಿಣ ತುದಿಗೆ ಚಳಿಗಾಲ ತರುವ ಜೂನ್ ತಿಂಗಳ ಮೊದಲ ಶುಕ್ರವಾರ ಪೇಟೆಯಿಂದ ಡಾಕ್ಟರು ಬಂದರು. ತಿಂಗಳಿಗೊಮ್ಮೆ ಬಂದು, ಆರೋಗ್ಯ ಕೇಂದ್ರದ ಎರಡು ಕೋಣೆಗಳಲ್ಲಿ ಊರನ್ನೆಲ್ಲ ತಪಾಸಣೆ ಮಾಡಿ, ಸಂಜೆ ಕಡಲು ಇಳಿಯುವ ಮೊದಲು ಹೊರಟುಹೋಗುವುದು ಅವರ ವಾಡಿಕೆ. ಎಳೆಯ ವಯಸ್ಸಿನ ಡಾಕ್ಟರು, ರಾಜಧಾನಿಯ ಕಡೆಯವರು. ಚಳಿಗೆ ಎರಡು ಕೋಟು ತೊಟ್ಟಿದ್ದರು. ಬೆಲಿಸಾರಿಯೋ ಪರೀಕ್ಷೆಯ ಹಾಸಿಗೆ ಹತ್ತುವಷ್ಟರಲ್ಲಿ ಏದುಸಿರು ಬಿಟ್ಟದ್ದನ್ನು ಅವರು ನೋಡಿದರು. ತೂಕದ ಯಂತ್ರ ನೂರಹನ್ನೊಂದು ಎಂದಿತು. ದೋಣಿ ನಡೆಸುವ ಅವನ ಪರವಾನಗಿ ಜುಲೈ ಕೊನೆಗೆ ಮುಗಿಯುತ್ತಿತ್ತು. ಅದಕ್ಕೆ ಡಾಕ್ಟರ ಸಹಿ ಬೇಕಿತ್ತು. ತೂಕ ನೂರಮೂರಕ್ಕೆ ಇಳಿಯದ ಹೊರತು ಸಹಿ ಹಾಕುವುದಿಲ್ಲ ಎಂದು ಡಾಕ್ಟರು ಸ್ಪಷ್ಟವಾಗಿ ಹೇಳಿದರು. ಕಡಲ ನಡುವೆ ಅವನ ಎದೆ ನಿಂತರೆ ಇಪ್ಪತ್ತು ಜನರನ್ನು ದಡ ಸೇರಿಸುವವರು ಯಾರು ಎಂದು ಕೇಳಿದರು. ಕಡಿಮೆ ತಿನ್ನಬೇಕು, ದಿನವೂ ಬೆಳಿಗ್ಗೆ ಮನೆಯಿಂದ ದ್ವೀಪದ ಮೂಲೆಯ ಇಗರ್ಜಿಯವರೆಗೆ ನಡೆದು ವಾಪಸು ಬರಬೇಕು, ಮಳೆಯಿರಲಿ ಬಿಡಲಿ. ಆ ಹೊತ್ತಿಗೆ ತಗಡಿನ ಸೂರಿನ ಮೇಲೆ ಆಲಿಕಲ್ಲು ಸುರಿಯುತ್ತಿದ್ದುದರಿಂದ ಈ ಮಾತುಗಳು ಹಲಗೆಗೋಡೆಯ ಆಚೆ ಕೇಳಿಸಲಿಲ್ಲ.

ಹೊರಗೆ ಬೆಂಚಿನ ಮೇಲೆ ಕಾದಿದ್ದ ಜನ, ಡಾಕ್ಟರು ಏನಂದರು ಎಂದು ಕೇಳಿದರು. ಬೆಲಿಸಾರಿಯೋ ಬೆನ್ನು ನೆಟ್ಟಗೆ ಮಾಡಿ, ಇಂಥ ಎದೆ ಇಪ್ಪತ್ತರ ಹುಡುಗರಿಗೂ ಇರುವುದಿಲ್ಲವೆಂದು ಡಾಕ್ಟರೇ ಬೆರಗಾದರು ಅಂದುಬಿಟ್ಟ. ಒಳಗೆ ಯಂತ್ರದ ಮುಳ್ಳನ್ನು ಕಣ್ಣಾರೆ ಕಂಡಿದ್ದ ಆರೋಗ್ಯ ಸಹಾಯಕಿ ಯೋಲಾಂದಾ ಬಾಗಿಲಲ್ಲಿ ನಿಂತು ಇದನ್ನು ಕೇಳಿದಳು. ರೋಗಿಯ ಗುಟ್ಟು ಹೊರಗೆ ಬಿಡಬಾರದೆಂಬ ನಿಯಮಕ್ಕೆ ಬದ್ಧಳಾದ ಅವಳು ತನ್ನ ಚಪ್ಪಲಿ ನೋಡಿಕೊಂಡಳು.

ಎರಡು ದಿನ ಕಳೆದು, ಭಾನುವಾರ, ಓನೋಫ್ರೆ ಮಿಯಾಲೊಂಕೊನಿಗೆ ಪಿತ್ತಕೋಶದ ಕಲ್ಲಿನ ನೋವು ಎದ್ದಿತು.

ಓನೋಫ್ರೆಗೂ ಬೆಲಿಸಾರಿಯೋಗೂ ಒಂಬತ್ತು ವರ್ಷದಿಂದ ಮಾತಿರಲಿಲ್ಲ. ಒಂದು ಕಾಲಕ್ಕೆ ಓನೋಫ್ರೆಯೂ ದೋಣಿಯವನೇ. ಪರವಾನಗಿಯನ್ನು ಅಭಿಮಾನಕ್ಕೆಂದು ಈಗಲೂ ನವೀಕರಿಸಿಕೊಂಡು ಬರುತ್ತಿದ್ದ. ಒಂಬತ್ತು ವರ್ಷದ ಹಿಂದೆ ಅವನು ತನ್ನ ಮನೆಯನ್ನು ದಿಬ್ಬದಿಂದ ಕಡಲ ಬದಿಗೆ ಸಾಗಿಸಿದ. ದ್ವೀಪದ ಪದ್ಧತಿಯಂತೆ ಊರೆಲ್ಲ ಮುಯ್ಯಾಳಾಗಿ ಬಂದು, ಮರದ ಮನೆಯನ್ನು ಇಡಿಯಾಗಿ ದಿಮ್ಮಿಗಳ ಮೇಲೇರಿಸಿ, ಆರು ಜೊತೆ ಎತ್ತು ಕಟ್ಟಿ ಎಳೆದರು. ಮುಂದೆ ನಿಂತು ಕೂಗುವ ಜವಾಬ್ದಾರಿ ಬೆಲಿಸಾರಿಯೋನದು. ಅವನು ಎಡಕ್ಕೆ ಎಂದು ಕೂಗಬೇಕಾದಲ್ಲಿ ಬಲಕ್ಕೆ ಎಂದ. ಮನೆ ಕೆಸರಿಗೆ ಜಾರಿ, ನಾಲ್ಕು ಬೆರಳು ವಾಲಿಕೊಂಡು ಕೂತುಬಿಟ್ಟಿತು; ಇಂದಿಗೂ ಹಾಗೇ ಇದೆ. ಓನೋಫ್ರೆಯ ಮನೆಯಲ್ಲಿ ಸಾರು ಬಡಿಸಿದರೆ ತಟ್ಟೆಯ ಒಂದು ಬದಿ ತುಂಬಿ ಇನ್ನೊಂದು ಬದಿ ಒಣಗಿರುತ್ತದೆ. ಪ್ರತಿ ಊಟದಲ್ಲೂ ಹಗೆ ಹೊಸದಾಗುತ್ತಿದ್ದುದರಿಂದ ಅದು ಹಳಸುವುದಕ್ಕೆ ಅವಕಾಶವೇ ಇರಲಿಲ್ಲ.

ಆದರೆ ದೋಣಿ ಇದ್ದದ್ದು ಒಂದೇ. ಓನೋಫ್ರೆಯನ್ನು ಕಂಬಳಿಯಲ್ಲಿ ಸುತ್ತಿ ಅಮಾಂದಾದಲ್ಲಿ ಮಲಗಿಸಿದರು. ಎರಡು ಗಂಟೆಯ ಪ್ರಯಾಣ. ನೋವಿನಲ್ಲಿ ಹೊರಳಾಡುತ್ತಿದ್ದರೂ ಓನೋಫ್ರೆ ಶಿಸ್ತು ಬಿಡಲಿಲ್ಲ. ಹೆಂಡತಿ ಎರ್ಮಿಂದಾಳ ಕಡೆ ತಿರುಗಿ, "ಚುಕ್ಕಾಣಿ ಹಿಡಿದಿರೋರಿಗೆ ಹೇಳು, ಅಲೆ ಮೇಲೆ ನಿಧಾನ ಹೋಗಲಿ ಅಂತ" ಎಂದ.

ಬೆಲಿಸಾರಿಯೋ ಮುಂದೆ ನೋಡುತ್ತಲೇ, "ಎರ್ಮಿಂದಾ, ಮಲಗಿರೋರಿಗೆ ಹೇಳಮ್ಮ, ಅಲೆ ನಾನು ಮಾಡ್ತಿಲ್ಲ ಅಂತ" ಎಂದ.

ಇಬ್ಬರ ನಡುವೆ ಒಂದು ಮೊಳ ಅಂತರವಿತ್ತು. ಪೇಟೆಯಾಚೆಯ ಕಾಸ್ತ್ರೋ ಊರಿನ ಆಸ್ಪತ್ರೆಯ ಬಾಗಿಲವರೆಗೂ ಎರ್ಮಿಂದಾ ಈ ಟಪ್ಪಾಲು ಕೆಲಸ ಮಾಡಿದಳು.

ಮರುದಿನ ಸೋಮವಾರ ಬೆಳಿಗ್ಗೆ ಬೆಲಿಸಾರಿಯೋ, ಡಾಕ್ಟರ ಅಪ್ಪಣೆಯಂತೆ, ಉಣ್ಣೆಯ ಟೋಪಿ ಹಾಕಿಕೊಂಡು ಮೊದಲ ನಡಿಗೆಗೆ ಹೊರಟ. ಸುರಿವ ಮಳೆ. ಮನೆಯಿಂದ ಇಗರ್ಜಿಗೆ ಕಡಲ ದಾರಿಯಲ್ಲಿ ಎರಡು ಮೈಲಿ. ಅವನು ನಡೆದುಹೋಗಿ, ಇಗರ್ಜಿಯ ಬಾಗಿಲನ್ನು ಕೈಯಿಂದ ಮುಟ್ಟಿ, ಹಿಂದಿರುಗಿದ.

ದಾರಿಯ ಮೊದಲನೆಯ ಮನೆ, ಊರು ಗೌರವದಿಂದ ದೋನ್ಯಾ ಎಂದು ಕರೆಯುವ ಕ್ಲೋರಿಂದಾಳದು. ಅವಳ ಒಲೆ ಕಿಟಕಿಯ ಪಕ್ಕದಲ್ಲೇ ಇತ್ತು. ಹಾಗಿಡಲೆಂದೇ ಗೋಡೆ ಒಡೆಸಿದ್ದಳೆಂದು ಪ್ರತೀತಿ. ಬೆಲಿಸಾರಿಯೋ ಹೋದದ್ದನ್ನು ನೋಡಿದಳು, ಬಂದದ್ದನ್ನು ನೋಡಿದಳು. ಅವನ ಹಸು ಕೊಟ್ಟಿಗೆಯಲ್ಲೇ ಇತ್ತು. ಊರಲ್ಲಿ ಸಾವಿನ ಗಂಟೆ ಬಾರಿಸಿರಲಿಲ್ಲ. ಮಂಗಳವಾರವೂ ಹೋದ, ಬುಧವಾರವೂ ಹೋದ. ಬುಧವಾರ ಮಧ್ಯಾಹ್ನ ಕ್ಲೋರಿಂದಾಳಿಗೆ ಎಲ್ಲ ಹೊಳೆದು, ಕಣ್ಣಲ್ಲಿ ನೀರು ಬಂತು. ಹಗೆಯವನನ್ನು ಆಸ್ಪತ್ರೆಗೆ ಮುಟ್ಟಿಸಿ ಬಂದ ಮರುದಿನದಿಂದಲೇ ಈ ಮನುಷ್ಯ ಅವನ ಪ್ರಾಣಕ್ಕಾಗಿ ಇಗರ್ಜಿಯ ನಜರೇತಿನ ಸ್ವಾಮಿಗೆ ನಡಿಗೆಯ ಹರಕೆ ಹೊತ್ತಿದ್ದಾನೆ.

ಗುರುವಾರ ಬೆಳಿಗ್ಗೆಯ ಹೊತ್ತಿಗೆ ಈ ಸುದ್ದಿ ಎರಡು ಮೈಲಿ ಉದ್ದಕ್ಕೂ ಹಬ್ಬಿತ್ತು.

ಹರಕೆಯ ನಡಿಗೆಯಲ್ಲಿರುವವನನ್ನು ಬಾಗಿಲ ಮುಂದೆ ಬರಿಹೊಟ್ಟೆಯಲ್ಲಿ ಹೋಗಗೊಟ್ಟ ಮನೆಗೆ ಒಳ್ಳೆಯದಾಗುವುದಿಲ್ಲ ಎಂಬುದು ಅಲ್ಕೆನ್‌ನ ನಂಬಿಕೆ. ಅದೂ ಹಂದಿ ಕಡಿಯುವ ಕಾಲ. ಜೂನ್ ಬಂತೆಂದರೆ ದಿನಕ್ಕೊಂದು ಮನೆಯಲ್ಲಿ ಹಂದಿ ಕಡಿದು, ದೊಡ್ಡ ಕಡಾಯಿಯಲ್ಲಿ ಕೊಬ್ಬು ಕರಗಿಸಿ, ಆ ಕೊಬ್ಬಿನಲ್ಲೇ ಆಲೂಗಡ್ಡೆಯ ಮಿಲ್ಕಾವೊ ರೊಟ್ಟಿ ಕರಿಯುತ್ತಾರೆ. ಮಾಂಸ, ರೊಟ್ಟಿ, ಗರಿಗರಿ ಚರ್ಮ ಸೇರಿಸಿ ಒಂದೊಂದು ಮನೆಗೆ ಒಂದೊಂದು ಪಾಲು ಕಳಿಸುತ್ತಾರೆ. ಅದಕ್ಕೆ ಯೋಕೊ ಎಂದು ಹೆಸರು. ಕಳಿಸಿದ ಯೋಕೊ ತಿನ್ನದೆ ಬಿಡುವುದೆಂದರೆ ಕಳಿಸಿದವರ ಮುಖಕ್ಕೆ ಬಾಗಿಲು ಹಾಕಿದ ಹಾಗೆ. ಇಷ್ಟುದಿನ ಪಾಲು ಮನೆಗೆ ಬರುತ್ತಿತ್ತು. ಈಗ ದಾರಿಯಲ್ಲೂ ಎದುರುಗೊಳ್ಳತೊಡಗಿತು. ಗುರುವಾರ ಬೆಲಿಸಾರಿಯೋ ಹೋಗುವಾಗ ಐದು ಗೇಟುಗಳಲ್ಲಿ, ಬರುವಾಗ ಏಳು ಗೇಟುಗಳಲ್ಲಿ ತಟ್ಟೆಗಳಿದ್ದವು. ಹೋಗಿಬರಲು ಎರಡೂವರೆ ಗಂಟೆ ಹಿಡಿಯಿತು, ಅದರಲ್ಲಿ ಒಂದು ಗಂಟೆ ಅಗಿಯುವುದಕ್ಕೇ ಹೋಯಿತು.

ಮೊದಲ ದಿನವೇ ಅವನು ಸತ್ಯ ಹೇಳಲು ನೋಡಿದ. ಇದು ಹರಕೆಯಲ್ಲ ಎಂದು ಕ್ಲೋರಿಂದಾಳಿಗೆ ಹೇಳಿದ. ಅವಳು ಪಕ್ಕದವಳನ್ನು ತಿವಿದು, "ನೋಡಿದ್ಯಾ, ಒಪ್ಕೊಳ್ಳಲ್ಲ" ಎಂದಳು. ಹೊತ್ತ ಹರಕೆಯನ್ನು ಬಾಯಿಬಿಟ್ಟು ಹೇಳಿದರೆ ಫಲ ಕೆಡುತ್ತದೆಂಬುದು ಎಲ್ಲರಿಗೂ ಗೊತ್ತು. ಓನೋಫ್ರೆಗೂ ನನಗೂ ಸಂಬಂಧವೇ ಇಲ್ಲ ಎಂದು ಅವನು ಮತ್ತೆ ಹೇಳಿದ. ಸಂಬಂಧವಿಲ್ಲದವನಿಗಾಗಿ ನಡೆಯುವುದು ಇನ್ನೂ ದೊಡ್ಡದು ಎಂದು ಅವರು ಇನ್ನೊಂದು ರೊಟ್ಟಿ ಹಾಕಿದರು. ಅಲ್ಲವೆಂದ ಪ್ರತಿಮಾತೂ ಹೌದಿನ ಲೆಕ್ಕಕ್ಕೇ ಹೋಗುತ್ತಿತ್ತು. ಉಳಿದದ್ದು ಒಂದೇ ದಾರಿ: ಹೊಟ್ಟೆ ಕರಗಿಸಲು ನಡೆಯುತ್ತಿದ್ದೇನೆ ಎನ್ನುವುದು. ಅದನ್ನು ಹೇಳಲು, ಮೊನ್ನೆ ತಾನೇ ಊರಿನ ಮುಂದೆ ಪ್ರದರ್ಶಿಸಿದ ಇಪ್ಪತ್ತು ವರ್ಷದ ಎದೆ ಬಿಡಲಿಲ್ಲ.

ಇಗರ್ಜಿಯ ಹಿರಿಯ ದೋನ್ ತ್ರಾನ್ಸಿತೋ ಶನಿವಾರ ಮನೆಗೇ ಬಂದ. ದ್ವೀಪಕ್ಕೆ ಪಾದ್ರಿ ಬರುವುದು ವರ್ಷಕ್ಕೆರಡು ಸಲ. ಮಿಕ್ಕ ದಿನ ಪ್ರಾರ್ಥನೆ ನಡೆಸುವವನು ಈ ಎಂಬತ್ತರ ಮುದುಕ. ಅವನು ಕೂತು, ಒಲೆಯ ಬಳಿ ಕೈ ಕಾಯಿಸಿಕೊಂಡು, ತಾನು ಏನನ್ನೂ ಕೇಳಲು ಬಂದಿಲ್ಲ ಎಂದ. ಒಂದೇ ಸಣ್ಣ ವಿಷಯ: ಬಾಗಿಲು ಮುಟ್ಟಿ ಹಿಂದಿರುಗುತ್ತೀಯಲ್ಲ, ಒಳಗೆ ಯಾಕೆ ಬರುವುದಿಲ್ಲ? ಬೆಲಿಸಾರಿಯೋ ತಲೆ ತಗ್ಗಿಸಿದ. ಮುದುಕ ಎದ್ದು ನಿಂತ. ತಾನು ಒಳಗೆ ಬರಲು ಯೋಗ್ಯನಲ್ಲ ಎಂಬ ಭಾವವನ್ನು ಇಷ್ಟು ವರ್ಷದಲ್ಲಿ ಯಾರಲ್ಲೂ ಕಂಡಿರಲಿಲ್ಲ ಎಂದು ಹೇಳಿ, ಹಣೆಗೆ ಮುತ್ತಿಟ್ಟು ಹೊರಟುಹೋದ.

ಬೆಲಿಸಾರಿಯೋ ವಾರಕ್ಕೊಮ್ಮೆ ಆರೋಗ್ಯ ಕೇಂದ್ರದ ಹಿಂಬಾಗಿಲಿನಿಂದ ಹೋಗಿ ತೂಗಿಸಿಕೊಳ್ಳುತ್ತಿದ್ದ. ಮೊದಲ ವಾರ ನೂರಹತ್ತೂವರೆ ಇತ್ತು. ಎರಡನೆಯ ವಾರ ನೂರಹನ್ನೆರಡು. ಯೋಲಾಂದಾ ಮುಳ್ಳನ್ನು ಬಗ್ಗಿ ನೋಡಿ, ಯಂತ್ರವನ್ನು ಒಮ್ಮೆ ಅಲುಗಿಸಿ, ಮತ್ತೆ ನೋಡಿದಳು.

"ದೋನ್ ಬೆಲಿಸಾರಿಯೋ, ನಿಜ ಹೇಳಿ. ನೀವು ನಡೀತಿದೀರೋ, ಯಾರಾದ್ರೂ ನಿಮ್ಮನ್ನ ಹೊತ್ಕೊಂಡ್ ಹೋಗ್ತಿದಾರೋ?"

ಅವನು ದಾರಿ ಬದಲಿಸಿದ. ಕಡಲು ಇಳಿದಾಗ ಮೇಲಿನ ದಾರಿ ಬಿಟ್ಟು ಮರಳಿನ ಮೇಲೆ ನಡೆದ. ಅಲ್ಲಿ ಕಪ್ಪೆಚಿಪ್ಪು ಆಯುತ್ತಿದ್ದ ಹೆಂಗಸರು, ಹರಕೆಯನ್ನು ಇನ್ನಷ್ಟು ಕಠಿಣ ಮಾಡಿಕೊಂಡಿದ್ದಾನೆ ಪಾಪ ಎಂದು, ಬುತ್ತಿಯ ಗಂಟು ಬಿಚ್ಚಿದರು. ಕೊನೆಗೆ ಅವನು ಹೊರಗೆ ನಡೆದಷ್ಟೂ ತೂಕ ಏರುತ್ತದೆಂದು ಕಂಡುಕೊಂಡು, ಮನೆಯೊಳಗೂ ಬೆವರು ಹರಿಸಲು ನಿಶ್ಚಯಿಸಿದ. ಮಧ್ಯಾಹ್ನ ದೋಣಿಗೆ ಬಿಡುವಿದ್ದಾಗ ಪರದೆ ಎಳೆದು, ಅಂಗಿ ಕಳಚಿ, ದೋಣಿ ಕಟ್ಟುವ ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದು ಮಕ್ಕಳಂತೆ ಹಗ್ಗ ಜಿಗಿಯುವ ಆಟಕ್ಕೆ ತೊಡಗಿದ. ಆ ಹಗ್ಗ ಹೆಬ್ಬೆರಳಿನಷ್ಟು ದಪ್ಪ. ಪ್ರತಿ ಎರಡನೆಯ ಸುತ್ತಿಗೆ ಅದು ಬೆನ್ನಿಗೋ ಭುಜಕ್ಕೋ ಬಾರಿಸುತ್ತಿತ್ತು. ಮನೆ ಕಂಬಗಳ ಮೇಲೆ ನಿಂತದ್ದು. ಅವನು ನೆಗೆದಾಗಲೆಲ್ಲ ಬಟ್ಟಲುಗಳು ಸಾಲಾಗಿ ಅಂಚಿಗೆ ನಡೆದು ಒಂದೊಂದಾಗಿ ಕೆಳಗೆ ಹಾರಿದವು. ಹೊರಗಿನಿಂದ ಕೇಳುವವರಿಗೆ ಮೊದಲು ಚಟೀರೆಂಬ ಪೆಟ್ಟು, ಆಮೇಲೆ ಧಡ್ಡೆಂಬ ಸದ್ದು, ಕೊನೆಗೆ "ಅಯ್ಯೋ ದೇವರೇ, ಹದಿನಾಲ್ಕು" ಎಂಬ ನರಳಿಕೆ ಕೇಳಿಸುತ್ತಿತ್ತು.

ಕೇಳುವವಳು ಇದ್ದಳು. ಕ್ಲೋರಿಂದಾ ಅಡಿಗೆಯ ಬಟ್ಟೆಯಲ್ಲೇ ಓಡಿಹೋಗಿ ತ್ರಾನ್ಸಿತೋನನ್ನು ಕರೆತಂದಳು. ಬಾಗಿಲು ತೆರೆದಾಗ ಬೆಲಿಸಾರಿಯೋ ಬರಿಮೈಯಲ್ಲಿ, ಕೆಂಪಗೆ, ಬೆವರಿಳಿಸುತ್ತ ನಿಂತಿದ್ದ. ಬೆನ್ನಿನ ಮೇಲೆ ಬರೆ, ಕೈಯಲ್ಲಿ ಹಗ್ಗ. ಮುದುಕ ಅವನ ಬೆರಳುಗಳನ್ನು ಬಿಡಿಸಿ ಹಗ್ಗವನ್ನು ತೆಗೆದುಕೊಂಡ.

"ಮಗಾ, ಸ್ವಾಮಿ ನಿನ್ನ ನಡಿಗೆ ಕೇಳಿರಬೋದು. ಚರ್ಮ ಕೇಳಿಲ್ಲ. ಇದು ಇನ್ನು ನನ್ ಹತ್ರ ಇರತ್ತೆ."

ಅಂದಿನಿಂದ ಒಂದು ವಾರ ಅವನು ದೋಣಿಯನ್ನು ಬಟ್ಟೆ ಒಣಗಿಸುವ ಹುರಿಯಿಂದ ಕಟ್ಟಬೇಕಾಯಿತು. ತನ್ನನ್ನು ತಾನೇ ದಂಡಿಸಿಕೊಳ್ಳುವವನಿಗೆ ರಕ್ತ ಬೇಕೆಂದು, ತಟ್ಟೆಗಳ ಪಕ್ಕದಲ್ಲಿ ರಕ್ತದ ಸಾಸೇಜುಗಳೂ ಬರತೊಡಗಿದವು.

ಜೂನ್ ಕೊನೆಗೆ ಓನೋಫ್ರೆ ಶಸ್ತ್ರಚಿಕಿತ್ಸೆ ಮುಗಿಸಿ, ಹೊಲಿಗೆ ಹಾಕಿಸಿಕೊಂಡು, ಅದೇ ದೋಣಿಯಲ್ಲಿ ಹಿಂದಿರುಗಿದ. ಹರಕೆಯ ಸುದ್ದಿ ಆಸ್ಪತ್ರೆಗೂ ಮುಟ್ಟಿತ್ತು. ಊರು ದೋಣಿಕಟ್ಟೆಯ ಮೇಲೆ ನೆರೆದಿತ್ತು. ಎಲ್ಲರ ಮುಂದೆ ಅವನು ಚುಕ್ಕಾಣಿಯ ಕಡೆ ತಿರುಗಿ, ಒಂಬತ್ತು ವರ್ಷದ ಮೊದಲ ಮಾತನ್ನು ನೇರವಾಗಿ ಆಡಿದ:

"ಮನೆ ವಾಲಿದ್ದು ವಾಲಿದೆ. ಅದನ್ನ ನಾನು ಬಿಟ್ಟೆ ಕಣಯ್ಯ."

ಬೆಲಿಸಾರಿಯೋ ಉತ್ತರವಾಗಿ ಕೆಮ್ಮಿದ. ಕಟ್ಟೆಯ ಮೇಲಿದ್ದವರಲ್ಲಿ ಕೆಮ್ಮದೆ ಉಳಿದವರು ಇರಲಿಲ್ಲ. ಹೆಂಗಸರು ಒರಟು ಏಪ್ರನ್ನಿನಿಂದ ಕಣ್ಣೊರೆಸಿಕೊಂಡರು. ಮರುದಿನವೇ ಓನೋಫ್ರೆ ಮನೆಯ ದೊಡ್ಡ ಹಂದಿ ಇಹಲೋಕ ತ್ಯಜಿಸಿತು. ಎರ್ಮಿಂದಾ ಕಳಿಸಿದ ಯೋಕೊವನ್ನು ಹೊತ್ತು ತರಲು ಕೈಗಾಡಿ ಬೇಕಾಯಿತು. ಅಷ್ಟಕ್ಕೆ ಬಿಡದೆ, ಹೊಲಿಗೆ ಬಲಿಯುವವರೆಗೆ ಕೆಲಸ ಮಾಡಬಾರದೆಂದು ಅಪ್ಪಣೆಯಾಗಿದ್ದ ಓನೋಫ್ರೆ, ದಿನವೂ ಬೆಳಿಗ್ಗೆ ಗೇಟಿನಲ್ಲಿ ಕುರ್ಚಿ ಹಾಕಿಕೊಂಡು ಕೂತು, ಬೆಲಿಸಾರಿಯೋ ಬಂದಾಗ ತನ್ನ ಕೈಯಾರೆ ಮಿಲ್ಕಾವೊ ಮುರಿದು ತಿನ್ನಿಸತೊಡಗಿದ. ಹಗೆಯವನ ಕೈತುತ್ತಿಗೆ ಬಾಯಿ ಮುಚ್ಚುವ ಧೈರ್ಯ ಯಾವ ಕ್ರೈಸ್ತನಿಗಿದೆ.

ಹರಕೆ ತೀರಿತಲ್ಲ, ರೋಗಿ ಎದ್ದನಲ್ಲ, ಇನ್ನೇಕೆ ನಡೆಯುತ್ತೀ ಎಂದು ಯಾರಾದರೂ ಕೇಳಬಹುದೆಂದು ಬೆಲಿಸಾರಿಯೋ ಆಸೆಪಟ್ಟ. ಯಾರೂ ಕೇಳಲಿಲ್ಲ. ಕೃತಜ್ಞತೆಯ ನಡಿಗೆಯೆಂದು ಅವರೇ ಹೆಸರಿಟ್ಟರು.

ಜುಲೈ ಮೊದಲ ಶುಕ್ರವಾರ ಬರಬೇಕಾದ ಡಾಕ್ಟರು ಬರಲಿಲ್ಲ. ಬಿರುಗಾಳಿಗೆ ಬಂದರು ಮುಚ್ಚಿ, ದೋಣಿಗಳೆಲ್ಲ ದಡ ಸೇರಿದ್ದವು. ಆಮೇಲೆ ತಿಂಗಳ ಕೊನೆಯ ವಾರ ಎಂದು ಸುದ್ದಿ ಬಂತು. ಆ ವಾರಕ್ಕೆ ಮುಂಚಿನ ಮೂರು ದಿನ ಬೆಲಿಸಾರಿಯೋ ಹೊಟ್ಟೆನೋವೆಂದು ಹೇಳಿ ಏನೂ ತಿನ್ನದೆ ಮಲಗಿದ. ಹೊಟ್ಟೆನೋವಿಗೆ ಕೋಳಿಸಾರು ಒಳ್ಳೆಯದೆಂದು ಹನ್ನೊಂದು ಮನೆಗಳಿಂದ ಕೋಳಿಸಾರು ಬಂತು.

ತಪಾಸಣೆಯ ದಿನ ಆಕಾಶ ಶುಭ್ರವಾಗಿತ್ತು. ಐದು ವಾರದಲ್ಲಿ ಮೊದಲ ಬಾರಿಗೆ ತಗಡಿನ ಮೇಲೆ ಒಂದು ಹನಿಯ ಸದ್ದಿಲ್ಲ. ಬೆಂಚಿನ ಮೇಲೆ ಕ್ಲೋರಿಂದಾ, ತ್ರಾನ್ಸಿತೋ, ಎರ್ಮಿಂದಾ, ತನ್ನ ಪರವಾನಗಿಯ ಕಾಗದ ಹಿಡಿದ ಓನೋಫ್ರೆ, ಇನ್ನೂ ಹದಿನೈದು ಜನ. ಬೆಲಿಸಾರಿಯೋ ಒಳಗೆ ಹೋದ. ಯೋಲಾಂದಾ ಬಾಗಿಲು ಮುಚ್ಚಿದಳು. ಅದು ಶಿಷ್ಟಾಚಾರಕ್ಕಷ್ಟೇ, ಗೋಡೆ ಒಂದೇ ಹಲಗೆಯ ದಪ್ಪ.

"ನೂರಹದಿನಾಲ್ಕು" ಎಂದು ಡಾಕ್ಟರ ದನಿ ಕೇಳಿಸಿತು. ಬೆಂಚು ಗೋಡೆಯ ಕಡೆಗೆ ವಾಲಿತು. "ಎಂಟು ಕಿಲೋ ಇಳಿಸಿ ಅಂದ್ರೆ ಮೂರು ಏರಿಸ್ಕೊಂಡು ಬಂದಿದೀರಲ್ಲ. ಹೊಟ್ಟೆ ಕರಗೋಕೆ ದಿನಾ ಇಗರ್ಜಿವರೆಗೂ ನಡೀರಿ ಅಂದಿದ್ದೆ. ಒಂದು ದಿನಾನಾದ್ರೂ ನಡೆದ್ರಾ?"

ನಡೆದೆ, ಹೊಟ್ಟೆನೋವಿನ ಮೂರು ದಿನ ಬಿಟ್ಟರೆ ಒಂದು ದಿನವೂ ತಪ್ಪಿಸಲಿಲ್ಲ ಎಂದು ಬೆಲಿಸಾರಿಯೋ ಸಣ್ಣ ದನಿಯಲ್ಲಿ ಹೇಳಿದ. ಡಾಕ್ಟರು ನಾಡಿ ನೋಡಿ, ಎದೆ ಕೇಳಿ, ಉಸಿರು ಮೊದಲಿಗಿಂತ ಎಷ್ಟೋ ವಾಸಿ ಎಂದು ಒಪ್ಪಿಕೊಂಡರು. ಆದರೆ ಕಾಗದದ ಮೇಲೆ ನೂರಹದಿನಾಲ್ಕು ಬರೆದು ಕೆಳಗೆ ಸಹಿ ಹಾಕಲಾರೆನೆಂದರು. ಆಗಸ್ಟಿನಿಂದ ಅವನು ದೋಣಿ ನಡೆಸುವ ಹಾಗಿಲ್ಲ. ದೋಣಿಯನ್ನು ಕಟ್ಟಿಹಾಕಲಿ.

ಬಾಗಿಲು ತೆರೆದಾಗ ಬೆಂಚಿನ ಮೇಲೆ ಹತ್ತೊಂಬತ್ತು ಮುಖಗಳಿದ್ದವು. ಮೊದಲು ಬಾಯಿ ಬಂದದ್ದು ಕ್ಲೋರಿಂದಾಳಿಗೆ.

"ಹಂಗಾದ್ರೆ ನನ್ನ ಮಿಲ್ಕಾವೊ?"

"ನನ್ ಗಂಡ ಯಾರ ಹರಕೆಯಿಂದ ಎದ್ ಕೂತ ಹಂಗಾದ್ರೆ" ಎಂದು ಎರ್ಮಿಂದಾ ಕೇಳಿದಳು. ಶಸ್ತ್ರಚಿಕಿತ್ಸೆಯಿಂದ ಎಂದು ಯೋಲಾಂದಾ ಸೂಚಿಸಿದಳು. ಆ ಉತ್ತರ ಯಾರಿಗೂ ರುಚಿಸಲಿಲ್ಲ.

ತ್ರಾನ್ಸಿತೋ ಕಣ್ಣು ಮುಚ್ಚಿಕೊಂಡಿದ್ದ. ತಾನು ಮುತ್ತಿಟ್ಟ ಹಣೆಯನ್ನು ಈಗ ಏನು ಮಾಡಬೇಕೆಂದು ಅವನು ಯೋಚಿಸುತ್ತಿದ್ದಿರಬಹುದು.

ಬೆಲಿಸಾರಿಯೋ ಟೋಪಿ ತೆಗೆದು ಎರಡು ಕೈಯಲ್ಲಿ ಹಿಂಡುತ್ತ ನಿಂತ. ತಪ್ಪಾಯಿತೆಂದ. ಮೊದಲ ದಿನವೇ ಹೇಳಬೇಕಿತ್ತು, ನಾಚಿಕೆಯಾಯಿತು ಎಂದ. ಆಮೇಲೆ ಕೆಳಗೆ ನೋಡಿಕೊಂಡೇ ಹೇಳಿದ:

"ಅಮಾಂದಾ ಇದ್ದಾಗ ಎರಡನೇ ತಟ್ಟೆ ಹಾಕ್ತಿರ್ಲಿಲ್ಲ. ಅವಳು ಹೋದ್ಮೇಲೆ ನೀವೆಲ್ಲ ತಟ್ಟೆ ಹಿಡ್ಕೊಂಡ್ ಬಂದ್ರಿ. ಬೇಡ ಅಂದ್ಬಿಟ್ರೆ ತಟ್ಟೆ ಜೊತೆ ನೀವೂ ಬರೋದು ನಿಂತೋಗತ್ತೇನೋ ಅಂತ... ತಿಂದೆ."

ಅವನಿಗೆ ಇನ್ನೂ ಒಂದು ಮಾತು ಇತ್ತು. ದೋಣಿ ಕಟ್ಟಿಹಾಕಿದರೆ ಬೆಳಿಗ್ಗೆ ರೇಡಿಯೋದಲ್ಲಿ ಆ ಹೆಸರು ಹೇಳುವವರು ಯಾರೂ ಇರುವುದಿಲ್ಲ ಎಂದು. ಅದನ್ನು ಪೂರ್ತಿ ಹೇಳಲಾಗಲಿಲ್ಲ; ಆದರೆ ಆ ದೋಣಿಯಲ್ಲಿ ಕೂತು ಹೋದವರೆಲ್ಲ ಟೋಪಿ ತೆಗೆಯುವ ಆ ಮನುಷ್ಯನನ್ನು ನೋಡಿದವರೇ.

ಓನೋಫ್ರೆಯ ಸರದಿ ಬಂತು, ಒಳಗೆ ಹೋದ. ಹೊಲಿಗೆ ವಾಸಿಯಾಗಿದೆ, ಭಾರ ಎತ್ತಬಾರದು, ಇನ್ನೊಂದು ತಿಂಗಳು ಬಹಳ ನಡೆಯಬಾರದು, ಕೂತು ಮಾಡುವ ಕೆಲಸಕ್ಕೆ ಅಡ್ಡಿಯಿಲ್ಲ ಎಂದು ಡಾಕ್ಟರು ಹೇಳಿದ್ದು ಎಲ್ಲರಿಗೂ ಕೇಳಿಸಿತು. ಮುದ್ರೆ ಒತ್ತಿದ ಸದ್ದೂ ಕೇಳಿಸಿತು. ಅವನು ಸಹಿಯಾದ ಪರವಾನಗಿಯ ಕಾಗದ ಹಿಡಿದು ಹೊರಬಂದು ಬೆಲಿಸಾರಿಯೋನ ಎದುರು ನಿಂತ. ಒಣಗಿದ ಸೀಗಡಿಯಂಥ ಮನುಷ್ಯ. ಬೆಲಿಸಾರಿಯೋನ ಎದೆಯ ಗುಂಡಿಯವರೆಗೆ ಬರುತ್ತಿದ್ದ.

"ನೋಡು. ನಾನು ಬದುಕಿದೀನಿ. ನಿನಗೆ ಹಂದಿ ತಿನ್ನಿಸಿದೀವಿ. ಈಗ ನಜರೇತಿನ ಸ್ವಾಮಿಗೆ ಯಾರೋ ಒಬ್ರು ನಡೀಲೇಬೇಕು. ನನಗೆ ಹೊಲಿಗೆ ಇದೆ, ನಡೆಯೋ ಹಂಗಿಲ್ಲ. ನೀನೇ ನಡೀತೀಯ. ದೋಣಿ ನಾನು ನಡೆಸ್ತೀನಿ."

"ನನ್ನ ದೋಣೀನಾ?"

"ಪರವಾನಗಿ ಯಾರ ಕೈಲಿದೆಯೋ ಅವನು ಕಪ್ತಾನ. ಕಪ್ತಾನನ ಹತ್ರ ಎದುರು ಮಾತಾಡ್ಬೇಡ."

ತ್ರಾನ್ಸಿತೋ ಕಣ್ಣು ತೆರೆದು, ಇದು ಧರ್ಮಸಮ್ಮತವೆಂದು ಸಾರಿದ. ತಿಂದದ್ದು ಮೊದಲಾಯಿತು, ನಡೆಯುವುದು ಆಮೇಲಾಯಿತು, ಅಷ್ಟೇ ವ್ಯತ್ಯಾಸ. ಆದರೆ ಇನ್ನು ಮೇಲೆ ಬಾಗಿಲು ಮುಟ್ಟಿ ಓಡಿಹೋಗುವ ಹಾಗಿಲ್ಲ. ಒಳಗೆ ಬಂದು ಮೊಣಕಾಲೂರಬೇಕು. ತಟ್ಟೆಗಳ ವಿಷಯವಾಗಿ ಯೋಲಾಂದಾ ಮೊದಲ ಬಾರಿಗೆ ಬಾಯಿಬಿಟ್ಟು, ಆ ನೂರಹದಿನಾಲ್ಕರಲ್ಲಿ ಒಂದೊಂದು ಕಿಲೋ ಯಾವ ಯಾವ ಅಡಿಗೆಮನೆಯದು ಎಂದು ಬೆರಳು ತೋರಿಸಿ ಹೇಳಿದಳು. ಹೆಂಗಸರು ಚಾವಣಿ ನೋಡಿದರು.

ಆಗಸ್ಟ್ ಒಂದನೆಯ ತಾರೀಖು ಬೆಳಿಗ್ಗೆ ಅಮಾಂದಾ ಕಟ್ಟೆ ಬಿಟ್ಟಳು. ಚುಕ್ಕಾಣಿಯಲ್ಲಿ ಓನೋಫ್ರೆ ಇದ್ದ. ಯಜಮಾನ ದಡದಲ್ಲಿ ನಿಂತಿದ್ದ. ಅವನು ಕಡಲ ದಾರಿಯಲ್ಲಿ ನಡೆದು ಬರಬೇಕು, ಇಗರ್ಜಿಯಲ್ಲಿ ಮೊಣಕಾಲೂರಬೇಕು, ಅಲ್ಲಿನ ಕಟ್ಟೆ ಮುಟ್ಟಿದ ದೋಣಿಗೆ ಹತ್ತಬೇಕು ಎಂದು ಕಪ್ತಾನನ ಆಜ್ಞೆ. ದೋಣಿ ದಡಕ್ಕೆ ಸಮವಾಗಿ, ಅವನ ನಡಿಗೆಯ ವೇಗದಲ್ಲೇ ಸಾಗಿತು. ಪ್ರಯಾಣಿಕರು ಒಂದೇ ಬದಿಗೆ ಕೂತು ಅವನನ್ನು ನೋಡಿದರು. ಪೇಟೆಗೆ ತಡವಾಗುತ್ತದೆಂದು ಯಾರೋ ಗೊಣಗಿದ್ದಕ್ಕೆ ಓನೋಫ್ರೆ, ಅವಸರವಿದ್ದವರು ಈಜಬಹುದು ಎಂದ.

ಇಗರ್ಜಿಯ ಕಟ್ಟೆಯಲ್ಲಿ ಬೆಲಿಸಾರಿಯೋ ಮೊಣಕಾಲಿನ ಧೂಳು ಝಾಡಿಸುತ್ತ ಹತ್ತಿದಾಗ, ದ್ವೀಪ ಬಿಟ್ಟು ಹೊರಡುವ ಮುನ್ನ, ಓನೋಫ್ರೆ ರೇಡಿಯೋ ತೆರೆದ. ನಿಯಮದ ಪ್ರಕಾರ ವರದಿ ಕಪ್ತಾನನೇ ಒಪ್ಪಿಸಬೇಕು. ಅವನು ತನ್ನ ಹೆಸರು, ಪರವಾನಗಿಯ ಸಂಖ್ಯೆ, ಪ್ರಯಾಣಿಕರ ಸಂಖ್ಯೆ ಹೇಳಿದ. ಆಮೇಲೆ ಉಪಕರಣವನ್ನು ಪಕ್ಕಕ್ಕೆ ಚಾಚಿ, "ದೋಣಿ ಹೆಸರು ನನಗೆ ಸರಿಯಾಗಿ ಹೇಳೋಕೆ ಬರಲ್ಲ" ಎಂದು ಕಿಟಕಿಯ ಆಚೆ ನೋಡತೊಡಗಿದ. ಬೆಲಿಸಾರಿಯೋ ಟೋಪಿ ತೆಗೆದ. ಬಂದರಿನ ಕಚೇರಿಯವರು ಎಂದಿನಂತೆ ಕಾದರು.

ಹೀಗೆ ಆಗಸ್ಟ್ ಕಳೆಯಿತು. ಗೇಟುಗಳಲ್ಲಿ ಹೆಂಗಸರು ನಿಲ್ಲುವುದನ್ನು ಬಿಡಲಿಲ್ಲ. ತಟ್ಟೆಯಿಲ್ಲದೆ ಸುಮ್ಮನೆ ನಿಲ್ಲುವುದು ಹೇಗೆಂದು ತಿಳಿಯದೆ ಮೊದಲೆರಡು ದಿನ ಕೈ ಎಲ್ಲಿಡಬೇಕೆಂದು ತೋಚದವರಂತಿದ್ದರು. ಆಮೇಲೆ ಒಬ್ಬೊಬ್ಬಳೂ ಗೇಟು ತೆರೆದು ಹೊರಬಂದು, ಶಾಲು ಹೊದ್ದುಕೊಂಡು, ಮುಂದಿನ ಗೇಟಿನವರೆಗೆ ಅವನ ಜೊತೆ ನಡೆದು, ಅಲ್ಲಿದ್ದವಳಿಗೆ ಅವನನ್ನು ಒಪ್ಪಿಸಿ ಹಿಂದಿರುಗತೊಡಗಿದಳು. ಎರಡು ಮೈಲಿಯಲ್ಲಿ ಅವನು ಒಬ್ಬನೇ ನಡೆದದ್ದು ಹೆಚ್ಚೆಂದರೆ ಸೇತುವೆಯ ಮೇಲಿನ ಇಪ್ಪತ್ತು ಹೆಜ್ಜೆ. ಯೋಲಾಂದಾಳ ಯಂತ್ರ ಮೊದಲ ವಾರ ನೂರಹನ್ನೆರಡು ಎಂದಿತು, ಎರಡನೆಯ ವಾರ ನೂರಹತ್ತು ಎಂದಿತು.

ಯಾರಾದರೂ ಮಾತಿಗೆ ನಿಂತು ನಡಿಗೆ ತಡವಾದರೆ ದೋಣಿಯಿಂದ ಒಂದು ಗಿಡ್ಡ ಹಾರನ್ ಬರುತ್ತಿತ್ತು. ಯಾರ ಕೈಯಾದರೂ ಏಪ್ರನ್ನಿನ ಕೆಳಗೆ ಹೋದರೆ ಉದ್ದನೆಯ ಹಾರನ್. ಮೂರನೆಯ ವಾರದ ಒಂದು ಬೆಳಿಗ್ಗೆ ಕ್ಲೋರಿಂದಾ ಬೆಲಿಸಾರಿಯೋನ ಪಕ್ಕದಲ್ಲಿ ನಡೆಯುತ್ತಿದ್ದಾಗ ಅಂಥ ಉದ್ದನೆಯ ಹಾರನ್ ಮೊಳಗಿತು. ಅವಳು ಅಲ್ಲೇ ನಿಂತು, ಕಡಲಿಗೆ ಎದುರಾಗಿ ತಿರುಗಿ, ಎರಡೂ ಕೈಯನ್ನು ಮೇಲೆತ್ತಿ, ಅಂಗೈ ಅರಳಿಸಿ, ಬೆರಳು ಬೆರಳು ಬಿಡಿಸಿ ಕಪ್ತಾನನಿಗೆ ತೋರಿಸಿದಳು. ಕೈ ಖಾಲಿ. ಇಪ್ಪತ್ತು ಪ್ರಯಾಣಿಕರೂ ಕತ್ತು ಚಾಚಿ ನೋಡಿ, ಖಾಲಿಯೆಂದು ಸಾಕ್ಷಿ ಹೇಳಿದರು. ಓನೋಫ್ರೆ ಕ್ಷಮೆಯ ಒಂದು ಗಿಡ್ಡ ಹಾರನ್ ಬಾರಿಸಿದ.

ಮಿಲ್ಕಾವೊ ಅವಳ ಏಪ್ರನ್ನಿನ ಜೇಬಿನಲ್ಲಿ, ದೋಣಿಗೆ ಕಾಣದ ಬದಿಯಲ್ಲಿತ್ತು. ಅದೂ ಅರ್ಧ ಮಾತ್ರ.